ಎಂಜೈಮ್ ನಿಂತರೆ ಸಾಕ್ಷಿ ಸಿಕ್ಕಿತಾ?

ಪಿಂಪ್ರಿಯಿಂದ ಬರೆದ ವಿದ್ಯಾರ್ಥಿನಿಗೆ,

ನಿಮ್ಮ ಪತ್ರ ಓದಿ ಖುಷಿಯಾಯಿತು. ಬ್ಯಾಸಿಲಸ್ ಬ್ಯಾಕ್ಟೀರಿಯಾದ ಕ್ಸೈಲನೇಸ್‌ಗೆ (ಗಿಡಗಳಲ್ಲಿರುವ ಕ್ಸೈಲಾನ್ ಅನ್ನುವ ಸಕ್ಕರೆಯ ಸರಪಳಿಯನ್ನು ಕತ್ತರಿಸುವ ಎಂಜೈಮ್) ಎನ್‌ಬಿಎಸ್ (ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್ ಅನ್ನುವ ಅಮೈನೋ ಆಮ್ಲವನ್ನು ಕೆಡಿಸುವ ರಾಸಾಯನಿಕ) ಹಾಕಿದಿರಿ, ಎಂಜೈಮ್ ಕೆಲಸ ನಿಲ್ಲಿಸಿತು. ಹಾಗಾದರೆ ಟ್ರಿಪ್ಟೊಫಾನೇ ಮುಖ್ಯ ಅಂತ ಪ್ರಾಜೆಕ್ಟ್ ವರದಿಯಲ್ಲಿ ಬರೆಯಬಹುದಾ, ಜೀನನ್ನೇ ತಿದ್ದುವ ಈ ಕಾಲದಲ್ಲಿ ಈ ಹಳೇ ವಿಧಾನ ಯಾಕೆ ಅಂತ ಕೇಳಿದ್ದೀರಿ.

ಇಷ್ಟರಿಂದಲೇ ಬರೆಯಬೇಡಿ. ಎನ್‌ಬಿಎಸ್ ಜಾಸ್ತಿಯಾದರೆ ಸಿಸ್ಟೀನ್, ಟೈರೋಸಿನ್, ಹಿಸ್ಟಿಡಿನ್ ಅನ್ನುವ ಬೇರೆ ಅಮೈನೋ ಆಮ್ಲಗಳೂ ಕೆಡುತ್ತವೆ. ಅದಕ್ಕೇ ಸ್ವಲ್ಪಸ್ವಲ್ಪ ಹಾಕುತ್ತಾ, ಟ್ರಿಪ್ಟೊಫಾನ್ ಹೀರುವ 280 ನ್ಯಾನೊಮೀಟರ್ ಬೆಳಕಿನಲ್ಲಿ ರೀಡಿಂಗ್ ಎಷ್ಟು ಇಳಿಯಿತು, ಎಂಜೈಮಿನ ಕೆಲಸ ಎಷ್ಟು ಇಳಿಯಿತು ಅಂತ ಎರಡನ್ನೂ ಜೊತೆಗೇ ನೋಡಬೇಕು. ಆಮೇಲೆ ಕ್ಸೈಲಾನ್ ಮೊದಲೇ ಬೆರೆಸಿ ಅದೇ ಪ್ರಯೋಗ ಮಾಡಿ. ಆಗ ಎಂಜೈಮ್ ಉಳಿದುಕೊಂಡರೆ, ಆ ಟ್ರಿಪ್ಟೊಫಾನ್ ಕ್ಸೈಲಾನ್ ಬಂದು ಕೂರುವ ಜಾಗದಲ್ಲೋ ಹತ್ತಿರದಲ್ಲೋ ಇರಬಹುದು ಅನ್ನೋದಕ್ಕೆ ಒಂದು ಆಧಾರ ಸಿಕ್ಕಿತು. ಆಗಲೂ ಕ್ಸೈಲಾನ್ ಕತ್ತರಿಸುವುದು ಆ ಟ್ರಿಪ್ಟೊಫಾನೇ ಅಂತ ಹೇಳೋಕಾಗಲ್ಲ. ಚೆನ್ನಾಗಿ ಅಧ್ಯಯನವಾಗಿರುವ ಕ್ಸೈಲನೇಸ್‌ಗಳಲ್ಲಿ ಆ ಕೆಲಸ ಗ್ಲುಟಮೇಟ್ ಅನ್ನುವ ಎರಡು ಅಮೈನೋ ಆಮ್ಲಗಳದ್ದು. ಟ್ರಿಪ್ಟೊಫಾನ್ ಸಕ್ಕರೆಯ ಸರಪಳಿಯನ್ನು ಹಿಡಿದುಕೊಳ್ಳುತ್ತದೆ, ಅಷ್ಟೆ.

ಇನ್ನು 'ಹಳೇ ವಿಧಾನ' ಅಂದಿರಲ್ಲ, ಅದು ಎಂಥಾ ಕೆಲಸ ಮಾಡಿದೆ ನೋಡಿ. 1966ರಲ್ಲಿ, ಜೀನಿನಲ್ಲಿ ಬೇಕಾದ ಕಡೆ ತಿದ್ದುವ ದಾರಿ ಇನ್ನೂ ಯಾರಿಗೂ ಗೊತ್ತಿಲ್ಲದಾಗ, ಎರಡು ತಂಡಗಳು ಬೇರೆ ಬೇರೆಯಾಗಿ ಸಬ್ಟಿಲಿಸಿನ್ ಅನ್ನುವ, ಪ್ರೋಟೀನ್ ಕತ್ತರಿಸುವ ಬ್ಯಾಕ್ಟೀರಿಯಾ ಎಂಜೈಮಿನಲ್ಲಿ ಸೆರೀನ್ ಅನ್ನುವ ಮುಖ್ಯ ಅಮೈನೋ ಆಮ್ಲವನ್ನು ಬರೀ ರಸಾಯನದಿಂದ ಸಿಸ್ಟೀನ್ ಮಾಡಿದವು. ಬದಲಾದದ್ದು ಒಂದೇ ಪರಮಾಣು, ಆಮ್ಲಜನಕ ಹೋಗಿ ಗಂಧಕ ಬಂತು. ಗಂಧಕ ಇನ್ನೂ ಚುರುಕು, ಎಂಜೈಮ್ ಚೆನ್ನಾಗಿಯೇ ನಡೆಯಬೇಕಿತ್ತು ಅಲ್ವಾ? ಇಲ್ಲ, ಪ್ರೋಟೀನ್ ಕತ್ತರಿಸುವ ಶಕ್ತಿ ಹೆಚ್ಚುಕಡಿಮೆ ಪೂರ್ತಿ ಹೋಯಿತು, ಸುಲಭವಾಗಿ ಒಡೆಯುವ ಕೆಲವು ಎಸ್ಟರ್‌ಗಳನ್ನು ಮಾತ್ರ ಅದು ಒಡೆಯುತ್ತಿತ್ತು. ಯಾವ ಅಮೈನೋ ಆಮ್ಲ ಇದೆ ಅನ್ನೋದರ ಜೊತೆಗೆ, ಸುತ್ತಲಿನವುಗಳ ಜೊತೆ ಅದು ಹೇಗೆ ಹೊಂದಿಕೊಂಡಿದೆ ಅನ್ನೋದೂ ಮುಖ್ಯ ಅಂತ ಆ ಪ್ರಯೋಗ ತೋರಿಸಿತು. ನನಗೆ ಇವತ್ತಿಗೂ ಅದು ಅದ್ಭುತ ಅನಿಸುತ್ತದೆ.

ನಿಮ್ಮ ಊರಿನದೇ ಉದಾಹರಣೆಯೂ ಇದೆ. ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ 1955ರಿಂದ ಪೆನಿಸಿಲಿನ್ ತಯಾರಿಸಿತು. ಆ ಪೆನಿಸಿಲಿನ್, ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಎಂಜೈಮಿನ ಸೆರೀನಿಗೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ. ಅಮಾಕ್ಸಿಸಿಲಿನ್ ಜೊತೆ ಕೊಡುವ ಕ್ಲಾವುಲಾನಿಕ್ ಆಮ್ಲವೂ ಹಾಗೇ, ಔಷಧವನ್ನು ಹಾಳುಮಾಡುವ ಬೀಟಾ-ಲ್ಯಾಕ್ಟಮೇಸ್ ಅನ್ನುವ ಬ್ಯಾಕ್ಟೀರಿಯಾ ಎಂಜೈಮಿನ ಸೆರೀನನ್ನು ಹಿಡಿಯುತ್ತದೆ. ನೀವು ಲ್ಯಾಬಿನಲ್ಲಿ ಕಲಿಯುತ್ತಿರುವುದು ಇದೇ ಜಾತಿಯ ರಸಾಯನ.

ಜೀನ್ ತಿದ್ದುವ ಸೌಲಭ್ಯ ಸಿಕ್ಕಿದರೆ ಖಂಡಿತ ಅದನ್ನೂ ಮಾಡಿ. ಅದಕ್ಕೆ ಮುಂಚೆ ಯಾವ ಟ್ರಿಪ್ಟೊಫಾನನ್ನು ತಿದ್ದಬೇಕು ಅಂತ ಊಹಿಸೋಕಾದರೂ ಕ್ಸೈಲಾನ್ ಬೆರೆಸಿದ ಆ ಪ್ರಯೋಗ ಬೇಕು. ಈ ವಾರವೇ ನಿಮ್ಮ ಗೈಡ್ ಹತ್ತಿರ ಕೇಳಿ.

— ಸಂಪಾದಕ, ಮುಂಬೈ