ಗೋಕರ್ಣ: ಅಪ್ಪ-ಅಮ್ಮನ ಜೊತೆ ಹೋಗೋದಾದ್ರೆ ರೂಮ್ ಎಲ್ಲಿ?

ಕುಡ್ಲೆ ಬೀಚಲ್ಲಿ ಕಾಟೇಜ್ ಬುಕ್ ಮಾಡಿದೀವಿ, ಮ್ಯಾಪಲ್ಲಿ ಅಲ್ಲಿಂದ ದೇವಸ್ಥಾನ ಹತ್ರ ಕಾಣುತ್ತೆ, ಆದ್ರೂ ರಿವ್ಯೂನಲ್ಲಿ ಎಲ್ರೂ ದೂರ ಅಂತಿದಾರೆ ಯಾಕೆ ಅಂತ ಕೇಳಿದೀರಲ್ಲ, ಕಾರಣ ಮಧ್ಯ ಇರೋ ಗುಡ್ಡ. ಗಾಡಿ ಗುಡ್ಡದ ಮೇಲೇನೇ ನಿಲ್ಲುತ್ತೆ, ಅಲ್ಲಿಂದ ಬ್ಯಾಗ್ ಹೊತ್ಕೊಂಡು ಮೆಟ್ಟಿಲು ಇಳೀಬೇಕು, ಊರಿಗೆ ಹೋಗ್ಬೇಕು ಅಂದಾಗೆಲ್ಲ ಮತ್ತೆ ಹತ್ತಬೇಕು. ನಮ್ಮಮ್ಮ ಮೊದಲ್ನೇ ದಿನವೇ ಅರ್ಧ ದಾರೀಲಿ ಕಲ್ಲಿನ ಮೇಲೆ ಕೂತ್ಬಿಟ್ರು, ಮೊಣಕಾಲು ಹಿಡ್ಕೊಂಡು.

ನಿಮ್ಮ ತಂದೆಗೆ ಮಂಡಿ ನೋವು ಅಂತಿದೀರಿ, ಹಾಗಾಗಿ ಊರೊಳಗಿನ ರಥಬೀದಿ ಅಥವಾ ಮೇನ್ ಬೀಚ್ ಕಡೇನೇ ರೂಮ್ ನೋಡಿ. ಮಹಾಬಲೇಶ್ವರ ದೇವಸ್ಥಾನ, ಊಟ, ಸಮುದ್ರ ಮೂರೂ ನಡ್ಕೊಂಡು ಹೋಗೋ ದೂರದಲ್ಲಿ ಸಿಗುತ್ತೆ, ದಾರೀನೂ ಸಮತಟ್ಟು.

ಈಗ ಬುಕ್ ಮಾಡಿರೋ ಕಾಟೇಜ್ ಹೆಸ್ರು ನೀವು ಹಾಕಿಲ್ಲ, ಕುಡ್ಲೇಲಿ ಮೇಲ್ಗಡೆ ಇರೋವೂ ಇವೆ, ಅದಕ್ಕೆ ಮೊದ್ಲು ಅವ್ರಿಗೆ ಫೋನ್ ಮಾಡಿ "ಆಟೋ ಬಾಗ್ಲ ತನಕ ಬರುತ್ತಾ, ಮೆಟ್ಟಿಲು ಎಷ್ಟು" ಅಂತ ನೇರವಾಗಿ ಕೇಳಿ. ಆಮೇಲೆ ಕ್ಯಾನ್ಸಲ್ ಮಾಡೋಕೆ ಕೊನೇ ದಿನ ಯಾವ್ದು ನೋಡ್ಕೊಳ್ಳಿ. ಊರಲ್ಲಿ ಬೇರೆ ರೂಮ್ ಕನ್ಫರ್ಮ್ ಆದ್ಮೇಲೇನೇ ಇದನ್ನ ಬಿಡಿ, ಮತ್ತೆ ಗ್ರೌಂಡ್ ಫ್ಲೋರೇ ಕೇಳಿ, ವೆಸ್ಟರ್ನ್ ಟಾಯ್ಲೆಟ್ ಇದ್ಯಾ ಅಂತಾನೂ ಕೇಳಿ ದಯವಿಟ್ಟು, ಹಳೇ ಮನೆಗಳಲ್ಲಿ ಕೆಲವು ಕಡೆ ಇರಲ್ಲ.

ಗೋಕರ್ಣ ರೋಡ್ ಸ್ಟೇಷನ್ ಊರಿಂದ ಸುಮಾರು 10 ಕಿ.ಮೀ. ಇದೆ, ರೈಲು ಹೊತ್ತಲ್ಲದ ಹೊತ್ತಲ್ಲಿ ತಲುಪೋದಾದ್ರೆ ಆಟೋನ ರೂಮಿನವ್ರ ಹತ್ರಾನೇ ಮುಂಚೆ ಹೇಳಿಸಿಡಿ. ಓಂ ಬೀಚ್‌ಗೆ ಒಂದು ಸಂಜೆ ಆಟೋದಲ್ಲಿ ಹೋಗಿ ಬನ್ನಿ, ಅಲ್ಲೂ ಕೆಳಗೆ ಇಳಿಯೋಕೆ ಮೆಟ್ಟಿಲಿದೆ, ಆದ್ರೆ ತಂದೆಯವ್ರು ಮೇಲಿಂದಾನೇ ಓಂ ಆಕಾರ ನೋಡ್ಬಹುದು.