ಆಪ್ತಸಲಹೆ ಪ್ರಕರಣ: ಡಾಕ್ಟರ್ ಸಾಹೇಬರ ಆಪ್ಷನ್ಸ್ ಟ್ರೇಡಿಂಗ್

ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆದಿದ್ದೇನೆ.

ಧಾರವಾಡ ಕಡೆಯವರು, ಪುಣೆಯ ಕೋಥ್ರೂಡ್‌ನಲ್ಲಿ ಮನೆ. ಗಂಡ ಹೃದಯದ ಸರ್ಜನ್, ಒಳ್ಳೇ ಹೆಸರಿದೆ. ಮೊದಲು ಬಂದವರು ಹೆಂಡತಿ. "ಇವರಿಗೆ ಯಾರೂ ಏನೂ ಹೇಳೂ ಹಂಗಿಲ್ಲ ನೋಡ್ರಿ ಮೇಡಂ. ಥಿಯೇಟರ್‌ದಾಗ ಇವರು ಹೇಳಿದ್ದೇ ನಡೀತದ, ಮನ್ಯಾಗೂ ಹಂಗ ಆಗೇದ." ಸಾಹೇಬರು ಕೆಲವು ವರ್ಷಗಳಿಂದ ಆಪ್ಷನ್ಸ್ ಟ್ರೇಡಿಂಗ್ ಮಾಡುತ್ತಿದ್ದಾರೆ, ಅಂದರೆ ಷೇರಿನ ಬೆಲೆ ಮುಂದೆ ಏರುತ್ತದೋ ಇಳಿಯುತ್ತದೋ ಅಂತ ಅಂದಾಜಿಸಿ ಒಪ್ಪಂದಗಳನ್ನು ಕೊಂಡು ಮಾರುವ ವ್ಯವಹಾರ. ಈಗ ಮಗಳ ಓದಿಗೆಂದು ಇಟ್ಟಿದ್ದ ಎಫ್‌ಡಿಯನ್ನೂ ಮುರಿದಿದ್ದಾರೆ.

ಮುಂದಿನ ಸಲ ಸಾಹೇಬರೂ ಬಂದರು. "ಇಸಿಜಿ ಓದ್ತೀನಿ, ಆಂಜಿಯೋ ಓದ್ತೀನಿ. ಚಾರ್ಟ್ ಓದೂದು ಏನ್ ದೊಡ್ಡ ಮಾತು?"

ಇದು ಜೂಜಿನ ಚಟವೇ ಅಂತ ಮೊದಲು ನೋಡಿದೆ. ಮುಚ್ಚಿಟ್ಟ ಸಾಲ ಇಲ್ಲ, ನಿದ್ದೆ ಸರಿ ಇದೆ, ಮಾರ್ಕೆಟ್ ರಜೆ ಇದ್ದರೆ ಚಡಪಡಿಕೆಯೂ ಇಲ್ಲ. ಇದ್ದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಷೇರುಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ 2024ರಲ್ಲಿ ಹೊರಡಿಸಿದ ಲೆಕ್ಕ ಮುಂದಿಟ್ಟೆ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಆಪ್ಷನ್ಸ್ ಮತ್ತು ಅದೇ ತರಹದ ಫ್ಯೂಚರ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ಬಿಡಿ ಹೂಡಿಕೆದಾರರಲ್ಲಿ 93% ಮಂದಿ ಕಳೆದುಕೊಂಡಿದ್ದಾರೆ. ಸಾಹೇಬರು ನಕ್ಕರು: "ಉಳಿದ ಏಳರಾಗ ನಾ ಇರ್ತೀನಿ." ಅವರು ಹಾಗೆ ಅಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಪಿಯುಸಿಯಿಂದ ಎಂಸಿಎಚ್ ಎಂಬ ಸರ್ಜರಿಯ ಉನ್ನತ ಪದವಿವರೆಗೆ ರ‍್ಯಾಂಕ್ ಬಿಡದವರಿಗೆ ನೂರರಲ್ಲಿ ಏಳರೊಳಗೆ ಇರುವುದು ಮಾಮೂಲು, ಅಲ್ವಾ? 1720ರಲ್ಲಿ ಬ್ರಿಟನ್ನಿನ ಸೌತ್ ಸೀ ಕಂಪನಿಯ ಷೇರಿನಲ್ಲಿ ವಿಜ್ಞಾನಿ ನ್ಯೂಟನ್ ಕೂಡ ಕೈ ಸುಟ್ಟುಕೊಂಡಿದ್ದರು ಅಂದೆ. ಅದೂ ನಾಟಲಿಲ್ಲ.

ಹಾಗಾಗಿ ಮಾರ್ಕೆಟ್ ಮಾತು ಬಿಟ್ಟೆ. ಸರ್ಜರಿಯಲ್ಲಿ ಕೈ ಹೇಗೆ ಪಳಗಿತು ಅಂತ ಕೇಳಿದೆ. ಖುಷಿಯಿಂದ ಹೇಳಿದರು. ವರ್ಷಗಟ್ಟಲೆ ಪಕ್ಕದಲ್ಲಿ ಸೀನಿಯರ್ ನಿಂತಿರುತ್ತಿದ್ದರು. ತಪ್ಪಾದರೆ ರಕ್ತ ಆಗಲೇ ಕಾಣುತ್ತಿತ್ತು. ರೋಗಿ ಸತ್ತರೆ, ತೊಡಕಾದರೆ ಎಲ್ಲರ ಮುಂದೆ ಕೇಸ್ ಬಿಚ್ಚಿಡಬೇಕಿತ್ತು. ಡೇನಿಯಲ್ ಕಾನ್ಮನ್ ಮತ್ತು ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು 2009ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ: ಕೆಲಸಕ್ಕೊಂದು ಕ್ರಮ ಇದ್ದು, ಸರಿ ತಪ್ಪು ಬೇಗ ತಿಳಿಯುವ ಕಡೆ ಮಾತ್ರ ಅನುಭವಸ್ಥರ ಅಂದಾಜನ್ನು ನಂಬಬಹುದು. ಷೇರುಪೇಟೆ ಹಾಗಲ್ಲ. ತಪ್ಪು ನಿರ್ಧಾರಕ್ಕೂ ಒಮ್ಮೊಮ್ಮೆ ಲಾಭ ಕೊಟ್ಟು ಬೆನ್ನು ತಟ್ಟುತ್ತದೆ.

"ಟ್ರೇಡಿಂಗ್‌ನಲ್ಲಿ ನಿಮ್ಮ ಪಕ್ಕ ಯಾರು ನಿಂತಿದ್ರು ಸರ್?"

"ಯೂಟ್ಯೂಬ್" ಅಂದರು ಹೆಂಡತಿ. ಸಾಹೇಬರು ವಾದ ಮಾಡಿದರು, ಆದರೆ ಮೊದಲಿನಷ್ಟು ಜೋರಾಗಿ ಅಲ್ಲ.

ಸಲಹೆ ಹೀಗಿತ್ತು. ಟ್ರೇಡ್‌ಗೆ ಮುಂಚೆ ಕಾರಣ, ನಷ್ಟದ ಮಿತಿ ಎರಡನ್ನೂ ನೋಟ್‌ಬುಕ್‌ನಲ್ಲಿ ಬರೆಯಬೇಕು. ಬ್ರೋಕರೇಜ್, ತೆರಿಗೆ ಕಳೆದು ತಿಂಗಳ ಲೆಕ್ಕವನ್ನು ಆಸ್ಪತ್ರೆಯ ಡೆತ್ ಮೀಟಿಂಗ್ ತರಹವೇ ಹೆಂಡತಿಯ ಮುಂದೆ ಬಿಚ್ಚಿಡಬೇಕು. ಮನೆಯ ದುಡ್ಡು ಇಬ್ಬರ ಸಹಿ ಬೇಕಾದ ಜಂಟಿ ಖಾತೆಗೆ ಹೋಗಬೇಕು. ಎಲ್ಲಿ ಹೂಡಬೇಕು ಅನ್ನುವುದಕ್ಕೆ ಸೆಬಿ ನೋಂದಾಯಿತ ಸಲಹೆಗಾರರಿದ್ದಾರೆ. ಅದು ನನ್ನ ಕ್ಷೇತ್ರ ಅಲ್ಲ.

ಹೆಂಡತಿಗೆ ಬೇರೆ ಮಾತು. "ನಿಮಗ ಏನ್ ತಿಳೀತದ" ಅನ್ನುವುದನ್ನು ಬಿಡಿ ಅಂದೆ. ಜಾಣತನವನ್ನೇ ಪ್ರಶ್ನಿಸಿದರೆ ಅದನ್ನು ತೋರಿಸುವುದಕ್ಕೇ ಅವರು ಇನ್ನೊಂದು ಟ್ರೇಡ್ ಹಾಕುತ್ತಾರೆ. ಸುಮ್ನೆ ನೋಟ್‌ಬುಕ್ ಕೇಳಿ, ಸಾಕು.

ಟ್ರೇಡಿಂಗ್ ಪೂರ್ತಿ ನಿಂತಿಲ್ಲ. ತಿಂಗಳ ಮಿತಿಗೆ ಒಪ್ಪಿದ್ದಾರೆ, ಜಂಟಿ ಖಾತೆ ತೆರೆದಾಗಿದೆ. ಎಫ್‌ಡಿ ದುಡ್ಡು ವಾಪಸ್ ಹಾಕುವ ಮಾತಿಗೆ ಮಾತ್ರ ಸಾಹೇಬರು ಇನ್ನೂ "ನೋಡೂಣು" ಅಂತಿದ್ದಾರೆ.