ಸಂಪಾದಕರ ಉತ್ತರ: ಮಗಳಿಗೆ ‘ಸುಮ್ಮನಿರು’ ಎನ್ನಬೇಡಿ

ಸೊರಬ ತಾಲ್ಲೂಕಿನ ನಿವೃತ್ತ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರ ಇಷ್ಟು: ‘ನನ್ನ ಮಗಳು ಅಮೆರಿಕದ ಮ್ಯಾಡಿಸನ್‌ನಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯದಲ್ಲಿ ಸಂಶೋಧಕಿ. ಪ್ರೊಫೆಸರ್ ಅಲ್ಲ, ‘ಅಕಾಡೆಮಿಕ್ ಸ್ಟಾಫ್’ ಅಂತೆ. ಅವಧಿ ಮುಗಿದಾಗಲೆಲ್ಲ ನವೀಕರಣವಾಗಬೇಕಾದ ಕೆಲಸ. ಈಗ ಅಲ್ಲಿನ ಸಿಬ್ಬಂದಿಯ ಅಸೆಂಬ್ಲಿಗೆ ಆಯ್ಕೆಯಾಗಿದ್ದಾಳೆ. ಫೋನ್ ಮಾಡಿದರೆ ಅದರದೇ ಮಾತು. ಇದು ಯೂನಿಯನ್ನೇ? ಕೆಲಸಕ್ಕೆ ಕುತ್ತು ಬಂದರೆ? ಪ್ರೊಫೆಸರುಗಳು ಇರುವಾಗ ಇವಳ ಮಾತು ಯಾರು ಕೇಳುತ್ತಾರೆ? ಸುಮ್ಮನಿರು ಎಂದು ಹೇಳಲೇ?’

ಮೇಡಂ,

ದಯವಿಟ್ಟು ಹಾಗೆ ಹೇಳಬೇಡಿ. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಪತ್ರಿಕೆಗೆ ಬರುವ ಮೊದಲು ಆರು ವರ್ಷ ನಾನು ಒಂದು ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿಭಾಗದಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ವಿಭಾಗದಲ್ಲಿ ಕೆಂಪು ಬಟ್ಟೆಯ ರಟ್ಟು ಹಾಕಿದ ಒಂದು ನಡಾವಳಿ ಪುಸ್ತಕವಿತ್ತು. ಸಭೆ ಮುಗಿದ ಮೇಲೆ ಹಾಜರಿದ್ದವರು ಅದರಲ್ಲಿ ರುಜು ಹಾಕುತ್ತಿದ್ದರು. ವಾರಕ್ಕೆ ಹದಿನಾರು ಗಂಟೆ ಪಾಠ ಮಾಡುತ್ತಿದ್ದ ನಮಗೆ, ಅಂದರೆ ನಾಲ್ಕು ಜನ ಅತಿಥಿಗಳಿಗೆ, ಆ ಪುಸ್ತಕದಲ್ಲಿ ಜಾಗವಿರಲಿಲ್ಲ. ಒಂದು ಸಲ ಆಂತರಿಕ ಅಂಕಗಳ ಹಂಚಿಕೆಯನ್ನು ಸೆಮಿಸ್ಟರಿನ ನಡುವೆಯೇ ಬದಲಿಸಿದರು. ಸುತ್ತೋಲೆ ನಮ್ಮ ಕೈಗೆ ಬರುವ ಹೊತ್ತಿಗೆ ಎರಡು ಟೆಸ್ಟ್ ಮುಗಿದು ಅಂಕಪಟ್ಟಿಯೂ ತಯಾರಾಗಿತ್ತು. ಎಲ್ಲವನ್ನೂ ಮೊದಲಿನಿಂದ ಮಾಡಿದೆವು. ಕೆಲವು ಹುಡುಗರಿಗೆ ಬರಬೇಕಾದ ಅಂಕ ಹೋಯಿತು. ಆ ಟೆಸ್ಟುಗಳನ್ನು ನಡೆಸಿದವರೇ ನಾವು. ‘ಈಗ ಬದಲಿಸಿದರೆ ಹೀಗಾಗುತ್ತದೆ’ ಎಂದು ಹೇಳಲು ಎರಡು ನಿಮಿಷ ಸಾಕಿತ್ತು. ಮುಂದಿನ ಸಭೆಗೆ ನಮ್ಮನ್ನೂ ಕರೆಯಿರಿ ಎಂದು ಕೇಳಿದಾಗ, ‘ನಿಮಗೆ ನೋಟಿಸ್ ಕೊಡುವ ಪದ್ಧತಿ ಇಲ್ಲ’ ಎಂಬ ಉತ್ತರ ಬಂತು. ಹೇಳಿದವರು ಕೆಟ್ಟವರೇನಲ್ಲ. ಪದ್ಧತಿ ಇರಲಿಲ್ಲ, ಅಷ್ಟೇ.

ನಿಮ್ಮ ಮಗಳು ಇರುವ ಕಡೆ ಆ ಪದ್ಧತಿ ಇದೆ. ಅದು ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದಲ್ಲ, ರಾಜ್ಯದ ಕಾನೂನಿನಲ್ಲೇ ಬರೆದದ್ದು. ಮ್ಯಾಡಿಸನ್ ಸಣ್ಣ ಸಂಸ್ಥೆಯಲ್ಲ. 1848ರಲ್ಲಿ ಹುಟ್ಟಿದ ಈ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಈಗ 50,000ದ ಆಸುಪಾಸು ವಿದ್ಯಾರ್ಥಿಗಳಿದ್ದಾರೆ. ಅದನ್ನು ದಿನದಿನ ನಡೆಸುವವರಲ್ಲಿ ಪ್ರಾಧ್ಯಾಪಕರಿಗಿಂತ ‘ಅಕಾಡೆಮಿಕ್ ಸ್ಟಾಫ್’ ಎನಿಸಿಕೊಂಡವರ ಸಂಖ್ಯೆಯೇ ದೊಡ್ಡದು. ಪ್ರಯೋಗಾಲಯ ನೋಡಿಕೊಳ್ಳುವವರು, ಸಂಶೋಧಕರು, ಪಾಠ ಮಾಡುವ ಉಪನ್ಯಾಸಕರು, ಯಾವ ಕೋರ್ಸ್ ತೆಗೆದುಕೊಳ್ಳಬೇಕೆಂದು ವಿದ್ಯಾರ್ಥಿಗಳಿಗೆ ದಾರಿ ತೋರಿಸುವವರು, ಹೀಗೆ. ಆಳ್ವಿಕೆಯಲ್ಲಿ ಪ್ರಾಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅಲ್ಲಿನ ಕಾನೂನು ಪಾಲು ಕೊಟ್ಟಿತ್ತು. 1985ರಲ್ಲಿ ಈ ಸಿಬ್ಬಂದಿಗೂ ಪಾಲು ಸೇರಿಸಿತು. ತಮ್ಮ ನೇಮಕ, ಬಡ್ತಿ, ಸೇವಾ ನಿಯಮಗಳನ್ನು ರೂಪಿಸುವುದರಲ್ಲಿ ಮೊದಲ ಹೊಣೆ ಅವರದೇ ಎಂದು ಬರೆಯಿತು. ಅವರ ಅಸೆಂಬ್ಲಿ ಹುಟ್ಟಿದ್ದು ಇದರ ಬಲದ ಮೇಲೆ. ಸಭೆಯ ಅಧ್ಯಕ್ಷತೆ ವಹಿಸುವವರು ಚಾನ್ಸಲರ್ ಅಥವಾ ಅವರ ನಂತರದ ಅಧಿಕಾರಿಯಾದ ಪ್ರೊವೊಸ್ಟ್. (ಅಲ್ಲಿ ಚಾನ್ಸಲರ್ ಎಂದರೆ ನಮ್ಮ ಕುಲಪತಿಯಂತೆ ಇಡೀ ಕ್ಯಾಂಪಸ್ಸನ್ನು ನಡೆಸುವವರು, ರಾಜ್ಯಪಾಲರಲ್ಲ.) ಹಾಗಾಗಿ ನಿಮ್ಮ ಮಗಳು ಪ್ರಶ್ನೆ ಕೇಳಿದರೆ ಉತ್ತರ ಕೊಡಬೇಕಾದವರು ಎದುರಿಗೇ ಇರುತ್ತಾರೆ.

ಇದು ಯೂನಿಯನ್ ಅಲ್ಲ. ಸಂಬಳಕ್ಕೆ ಚೌಕಾಸಿ ಮಾಡಿ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಅಸೆಂಬ್ಲಿಗೆ ಇಲ್ಲ. ಆ ಬಗೆಯ ಸಾಮೂಹಿಕ ಚೌಕಾಸಿಯ ಹಕ್ಕನ್ನು ವಿಸ್ಕಾನ್ಸಿನ್‌ನ ಪ್ರಾಧ್ಯಾಪಕರಿಗೂ ಅಕಾಡೆಮಿಕ್ ಸಿಬ್ಬಂದಿಗೂ 2009ರಲ್ಲಿ ಕೊಟ್ಟಿದ್ದರು. ‘ಆಕ್ಟ್ 10’ ಎಂಬ ಕಾನೂನು ತಂದು 2011ರಲ್ಲಿ ಕಿತ್ತುಕೊಂಡರು. ಆಗ ಮ್ಯಾಡಿಸನ್‌ನ ವಿಧಾನಸೌಧದೊಳಗೆ ಜನ ವಾರಗಟ್ಟಲೆ ಕೂತಿದ್ದನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಇವಳ ಮಾತು ಯಾರು ಕೇಳುತ್ತಾರೆ ಎಂಬುದು. ಇದಕ್ಕೆ ಸಿಹಿಯಾದ ಉತ್ತರ ಕೊಟ್ಟು ನಿಮ್ಮನ್ನು ಸಮಾಧಾನಪಡಿಸಲಾರೆ. 2015ರ ಜುಲೈಯಲ್ಲಿ ಗವರ್ನರ್ ಸ್ಕಾಟ್ ವಾಕರ್ ಸಹಿ ಹಾಕಿದ ಬಜೆಟ್, ವಿಸ್ಕಾನ್ಸಿನ್‌ನ ವಿಶ್ವವಿದ್ಯಾಲಯಗಳಿಗೆ ಎರಡು ವರ್ಷದಲ್ಲಿ 25 ಕೋಟಿ ಡಾಲರ್ ಕಡಿತ ಮಾಡಿತು. ಅದರ ಜೊತೆಗೇ ಪ್ರಾಧ್ಯಾಪಕರ ಕಾಯಂ ಹುದ್ದೆಯ ರಕ್ಷಣೆಯನ್ನು ಕಾನೂನಿನ ಪುಸ್ತಕದಿಂದ ತೆಗೆದುಹಾಕಿತು. ಆಳ್ವಿಕೆಯಲ್ಲಿ ಪಾಲುಗೊಳ್ಳುವ ಮಾತನ್ನೂ ತೆಳುಮಾಡಿತು. ಹಿಂದೆ ‘ಹೊಣೆ’ ಎಂದಿದ್ದ ಕಡೆ ಈಗ ‘ಸಲಹೆ ಕೊಡುವ ಹೊಣೆ’ ಎಂದಾಗಿದೆ. ಒಂದೇ ಪದ ಸೇರಿದ್ದು, ಆದರೆ ಬಾಗಿಲ ಅಗಳಿ ಒಳಗಿನಿಂದ ಹೊರಕ್ಕೆ ಬಂದಂತಾಯಿತು. ಅಸೆಂಬ್ಲಿ ಹೇಳಿದ್ದನ್ನು ಚಾನ್ಸಲರ್ ಪಾಲಿಸಲೇಬೇಕೆಂದು ಇವತ್ತು ಯಾರೂ ಕಡ್ಡಾಯ ಮಾಡುವಂತಿಲ್ಲ.

ಹಾಗಾದರೆ ಬರೀ ಸಲಹೆಗಾಗಿ ಸಂಜೆಗಳನ್ನು ಯಾಕೆ ಕಳೆಯಬೇಕು?

ಮೇಡಂ, ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಶಾಲೆಗೆ ಎಸ್‌ಡಿಎಂಸಿ ಬಂದ ಹೊಸತರಲ್ಲಿ ಸಭೆಗೆ ಬಂದ ತಾಯಂದಿರು ಗೋಡೆಗೆ ಒರಗಿ ಕೂತು, ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದರು ಎಂದು ನಿಮ್ಮ ಹಳೆಯ ಪತ್ರವೊಂದರಲ್ಲಿ ನೀವೇ ಬರೆದಿದ್ದಿರಿ. ಎರಡನೇ ವರ್ಷ ಅವರಲ್ಲೊಬ್ಬರು ಎದ್ದು ನಿಂತು, ಬಿಸಿಯೂಟದ ಬೇಳೆ ಯಾಕೆ ಹೀಗೆ ವಾಸನೆ ಬರುತ್ತದೆ ಎಂದು ಕೇಳಿದರು. ಬೇಳೆ ಬದಲಾಯಿತು. ಆ ತಾಯಿಗೆ ಅಧಿಕಾರವೇನೂ ಇರಲಿಲ್ಲ. ಅವರ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗಿತ್ತು, ಮುಂದಿನ ಸಭೆಯಲ್ಲಿ ಉತ್ತರ ಕೊಡಬೇಕಾಗಿತ್ತು. ಸಲಹೆಗೆ ಇರುವ ಬಲ ಅದು. ಕೆಲಸ ಮಾಡುವವರಿಗೆ ಮಾತ್ರ ಗೊತ್ತಿರುವ ಸಂಗತಿ, ತೀರ್ಮಾನ ಆಗುವ ಮೊದಲೇ ತೀರ್ಮಾನಿಸುವವರ ಕಿವಿಗೆ ಬೀಳುತ್ತದೆ. ಕೇಳಿಯೂ ಮೀರಿ ನಡೆದರೆ, ಹೇಳಿದ್ದೆವು ಎಂಬುದು ಬರಹದಲ್ಲಿ ಉಳಿಯುತ್ತದೆ. ನನ್ನ ಆರು ವರ್ಷಗಳಲ್ಲಿ ನಾನು ಬಯಸಿದ್ದು ಇಷ್ಟನ್ನೇ, ಸಿಗಲಿಲ್ಲ.

ಕುತ್ತಿನ ವಿಷಯ. ನಿಮ್ಮ ಭಯ ಹುಸಿಯಲ್ಲ. ನವೀಕರಣ ಮಾಡುವ ಕೈ ಒಂದೇ ಆಗಿದ್ದಾಗ ಬಾಯಿ ತಾನಾಗಿ ಕಟ್ಟಿಹೋಗುತ್ತದೆ, ನಾನೂ ಅನುಭವಿಸಿದ್ದೇನೆ. ಆದರೆ ಆಕೆ ಮಾಡುತ್ತಿರುವುದು ಗುಟ್ಟಿನ ಕೆಲಸವಲ್ಲ. ಚುನಾವಣೆಯಲ್ಲಿ ಗೆದ್ದು, ಅಧಿಕಾರಿಗಳ ಎದುರೇ ಆಡುವ ಮಾತು. ತನ್ನ ಪ್ರಯೋಗಾಲಯದ ಮುಖ್ಯಸ್ಥರಿಗೆ ಸಭೆಯ ದಿನಾಂಕಗಳನ್ನು ಮೊದಲೇ ತಿಳಿಸಿಟ್ಟಿರಲಿ. ಸಭೆಯಲ್ಲಿ ತನ್ನೊಬ್ಬಳ ದೂರು ಹೇಳುವ ಬದಲು ತನ್ನನ್ನು ಆರಿಸಿದವರ ಪರವಾಗಿ ಮಾತಾಡಲಿ. ಒಬ್ಬರ ದೂರನ್ನು ಬದಿಗೆ ಸರಿಸುವುದು ಸುಲಭ, ನಲವತ್ತು ಜನರದ್ದನ್ನು ಹಾಗೆ ಸರಿಸಲಾಗದು.

ನಮ್ಮಲ್ಲಿ ಏನಿದೆ ಎಂದು ಓದುಗರು ಕೇಳುತ್ತಾರೆ, ಕೇಳಬೇಕು. ಕರ್ನಾಟಕದ 1976ರ ಕಾಯ್ದೆಯಲ್ಲಿ ವಿಶ್ವವಿದ್ಯಾಲಯಗಳಿಗೆ ಸೆನೆಟ್ ಇತ್ತು. 2000ದ ಕಾಯ್ದೆ ಅದನ್ನು ಕೈಬಿಟ್ಟಿತು. ಉಳಿದದ್ದು ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು, ಅಧ್ಯಯನ ಮಂಡಳಿಗಳು. ಸಿಂಡಿಕೇಟಿನಲ್ಲಿ ಸರ್ಕಾರದ ನಾಮನಿರ್ದೇಶಿತರು ಕೂರುತ್ತಾರೆ. ತರಗತಿಗಳ ದೊಡ್ಡ ಹೊರೆ ಹೊತ್ತ ಅತಿಥಿ ಉಪನ್ಯಾಸಕರಿಗೆ, ಅತಿಥಿ ಉಪನ್ಯಾಸಕರಾಗಿ, ಎಲ್ಲೂ ಕುರ್ಚಿಯಿಲ್ಲ. ಅವರು ಗೌರವಧನಕ್ಕೆ, ಕಾಯಮಾತಿಗೆ ಬೀದಿಗಿಳಿದಾಗ ಸುದ್ದಿ ಮಾಡುತ್ತೇವೆ. ಅವರನ್ನು ಒಳಗೆ ಕೂರಿಸಿ ಕೇಳುವ ವಿಚಾರವನ್ನು ನಮ್ಮ ಪತ್ರಿಕೆಯೂ ಎತ್ತಿದ್ದು ಕಡಿಮೆ. ಆ ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ಮಾತು ನಿಮಗೆ ಖುಷಿ ಕೊಡಬಹುದು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಗುವ ಮೊದಲು, ಶಿಕ್ಷಣತಜ್ಞರಾದ ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಹೊರದೇಶಗಳ ಉನ್ನತ ಶಿಕ್ಷಣವನ್ನು ಅಭ್ಯಾಸ ಮಾಡಿದ್ದರು. ಕಲಿತದ್ದನ್ನು ಗೋಡೆಯಾಚೆಯ ಜನಕ್ಕೆ ಮುಟ್ಟಿಸುವ ಕಲ್ಪನೆಗೆ ಅವರು ಮಾದರಿಯಾಗಿ ನೋಡಿದ್ದು ನಿಮ್ಮ ಮಗಳು ಇರುವ ಅದೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವನ್ನು. ಆ ಪ್ರಸಾರದ ಪಾಠ ನಮಗೆ ನೂರು ವರ್ಷ ಉಣ್ಣುವಷ್ಟು ಕೊಟ್ಟಿದೆ. ಕೆಲಸಗಾರರನ್ನು ಕೇಳಿ ನಡೆಸುವ ಪಾಠವನ್ನೂ ಅಲ್ಲಿಂದಲೇ ಯಾರಾದರೂ ಬರೆದು ಕಳಿಸಿದರೆ, ಅದಕ್ಕೆ ಈ ಪತ್ರಿಕೆಯಲ್ಲಿ ಪುಟ ಕಾದಿದೆ. ಆಕೆ ಬರೆಯಬಲ್ಲರೇ?

ಮುಂದಿನ ಸಲ ಫೋನ್ ಮಾಡಿದಾಗ, ಈ ತಿಂಗಳ ಸಭೆಯ ಕಾರ್ಯಸೂಚಿಯಲ್ಲಿ ಏನಿದೆ ಎಂದು ನೀವಾಗಿಯೇ ಕೇಳಿ.

— ಸಂಪಾದಕ